ಅರ್ಥ್ ಪಿನ್‌ಗೆ ನ್ಯೂಟ್ರಲ್ ಕೊಟ್ಟಿದ್ದನ್ನು ಇವತ್ತೇ ಬಿಚ್ಚಿಸಿ

ನವನಗರದ ಸರ್, ನಿಮ್ಮ ಪೋಸ್ಟ್ ಓದಿದೆ. ಹೊಸ ಎಲೆಕ್ಟ್ರಿಕ್ ಕಾರಿನ ಚಾರ್ಜರ್‌ನಲ್ಲಿ ಕೆಂಪು ಲೈಟ್ ಬರುತ್ತಿತ್ತು, ವೈರಿಂಗ್‌ನವನು ಸಾಕೆಟ್ ಒಳಗೆ ಅರ್ಥ್‌ಗೂ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರ್) ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ವೈರ್) ಒಂದು ತುಂಡು ವೈರ್ ಹಾಕಿಕೊಟ್ಟ, ಈಗ ಆರಾಮಾಗಿ ಚಾರ್ಜ್ ಆಗುತ್ತಿದೆ ಅಂತ ಬರೆದಿದ್ದೀರಿ. ಕೆಳಗೆ ಸೂಪರ್ ಐಡಿಯಾ ಅಂದವರೂ ಇದ್ದಾರೆ! ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸಿಗಲ್ಲ ಅನ್ನೋ ನಿಮ್ಮ ಇನ್ನೊಂದು ತಕರಾರು ಆಮೇಲೆ ನೋಡೋಣ. ಮೊದಲು ಆ ತುಂಡು ತೆಗೆಸಿ.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಬೇರೆ ಕೆಲಸಕ್ಕೆ ಸಾಕೆಟ್ ಬಿಚ್ಚಿದಾಗ ಒಳಗೆ ಬೆರಳುದ್ದದ ಹಸಿರು ವೈರ್ ಕಂಡಿತು, ಅದರ ತುದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಚಾರ್ಜರ್ ಅರ್ಥ್ ಇದೆಯಾ ಅಂತ ನೋಡಿಯೇ ಕರೆಂಟ್ ಬಿಡುತ್ತದೆ. ಈ ತುಂಡು ಅದಕ್ಕೆ ಸುಳ್ಳು ಹೇಳುತ್ತದೆ, ಅಷ್ಟೇ. ನಾಳೆ ಮಳೆಗಾಳಿಗೆ ಕಂಬದ ಹತ್ತಿರ ನ್ಯೂಟ್ರಲ್ ಕಡಿದರೆ, ಮನೆಯ ಫ್ಯಾನು, ಫ್ರಿಜ್ ಮೂಲಕ ಬಂದ ಕರೆಂಟ್ ನೇರ ಕಾರಿನ ಬಾಡಿಗೆ ಬರುತ್ತದೆ. ಕಾರು ರಬ್ಬರ್ ಟೈರ್ ಮೇಲೆ ನಿಂತಿರುತ್ತದೆ. ಒದ್ದೆ ಕಾಲಲ್ಲಿ ಡೋರ್ ಮುಟ್ಟಿದವರ ಮೂಲಕವೇ ಅದು ನೆಲಕ್ಕೆ ಇಳಿಯಬೇಕು. ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್, ಆರ್‌ಸಿಸಿಬಿ, ಇದೆಯಲ್ಲ ಅನ್ನಬೇಡಿ. ಸೋರಿದ ಕರೆಂಟ್ ಆ ತುಂಡಿನ ಮೂಲಕ ನ್ಯೂಟ್ರಲ್‌ಗೇ ವಾಪಸ್ ಹೋದರೆ ಅದಕ್ಕೆ ಸೋರಿಕೆ ಗೊತ್ತೇ ಆಗಲ್ಲ.

ಇನ್ನೊಂದು. ಮಲ್ಟಿಮೀಟರ್ ಇಟ್ಟಾಗ ನ್ಯೂಟ್ರಲ್-ಅರ್ಥ್ ನಡುವೆ ಸೊನ್ನೆ ಬಂತು ಅಂತ ಖುಷಿಪಡಬೇಡಿ. ತುಂಡು ಹಾಕಿದ ಮೇಲೆ ಸೊನ್ನೆ ಬಾರದೆ ಇನ್ನೇನು ಬರುತ್ತದೆ? ಅದನ್ನು ತೆಗೆದ ಮೇಲೆ ನೋಡಿ. ಎರಡು-ಮೂರು ವೋಲ್ಟ್ ಒಳಗಿದ್ದರೆ ಸರಿ. ಆದರೂ ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ ಅರ್ಥಿಂಗ್‌ನ ರೆಸಿಸ್ಟೆನ್ಸ್ ಅಳೆಸಿ, 5 ಓಮ್‌ಗಿಂತ ಕಡಿಮೆ ಇರಲಿ.

ನಮ್ಮ ಕಡೆ ಅರ್ಥಿಂಗ್ ಕೆಡುವುದು ಎರೆಮಣ್ಣಿನಿಂದ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರಿಗೆ ಇದು ಹೇಳಬೇಕಿಲ್ಲ. ಮಳೆಗಾಲದಲ್ಲಿ ಎಲ್ಲ ಚೆನ್ನ, ಏಪ್ರಿಲ್ ಬಂತೆಂದರೆ ನೆಲ ಬಿರಿದು ಅರ್ಥಿಂಗ್ ಪೈಪ್ ಬಿಟ್ಟು ದೂರ ಸರಿಯುತ್ತದೆ. ಆಗ ಕೆಂಪು ಲೈಟ್. ಒಂದು ಕೊಡ ನೀರು ಸುರಿದರೆ ಹಸಿರು, ನಾಳೆ ಮತ್ತೆ ಕೆಂಪು. ನಮಗೆ ಸರಿಹೋಗಿದ್ದು ಹೀಗೆ: ಬಚ್ಚಲ ನೀರು ಹೋಗುವ ಬದಿಗೆ, ಸದಾ ಹಸಿ ಇರುವ ಜಾಗದಲ್ಲಿ, ಕಾಪರ್ ಬಾಂಡೆಡ್ (ತಾಮ್ರದ ಲೇಪವಿರುವ ಉಕ್ಕಿನ) ರಾಡ್ ಎರಡು, ಹತ್ತು ಅಡಿ ಆಳ, ಎರಡನ್ನೂ ಜೋಡಿಸಿ. ಉಪ್ಪು ಜಾಸ್ತಿ ಸುರಿಯಬೇಡಿ, ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ ಆದರೆ ತಿಂದುಹಾಕುತ್ತದೆ. ಮೀಟರ್ ಬೋರ್ಡಿನಿಂದ ಚಾರ್ಜರ್‌ಗೆ ಬೇರೆಯೇ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವೈರ್. ಗೀಸರ್‌ನ ಹಳೇ ಪಾಯಿಂಟ್ ಬೇಡ. ಗೀಸರ್ ಹತ್ತು ನಿಮಿಷ ಓಡುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಹಾಕುವವರಿಗೆ ನಾನು ಏನೂ ಹೇಳಲ್ಲ, ಬೈಗುಳ ಬರುತ್ತದೆ.

ಇನ್ನು ರೇಂಜ್. ಟಾಟಾ ನೆಕ್ಸಾನ್ ಇವಿಯ 45 ಯೂನಿಟ್ ಬ್ಯಾಟರಿಯ ಮಾಡೆಲ್‌ಗೆ ಕಂಪನಿಯೇ ಎರಡು ಲೆಕ್ಕ ಕೊಡುತ್ತದೆ, ಪರೀಕ್ಷೆಯದು 489 ಕಿ.ಮೀ., ದಿನಬಳಕೆಯದು 350ರಿಂದ 370 ಕಿ.ಮೀ. ಎರಡನೆಯದನ್ನೇ ನಂಬಿ, ಅದರಲ್ಲೂ ಹೈವೇ ಸ್ಪೀಡಿಗೆ ಸ್ವಲ್ಪ ಕಳೆಯಿರಿ. ಜೂನ್-ಜುಲೈನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಪಶ್ಚಿಮದ ಗಾಳಿ ಎದುರಿಗೇ ಹೊಡೆಯುತ್ತದೆ. ಹೋಗುವಾಗಿನ ಪರ್ಸೆಂಟ್ ನೋಡಿ ವಾಪಸ್ ಲೆಕ್ಕ ಹಾಕಬೇಡಿ. ಎಂಜಿ ಕಂಪನಿಯ ಸಣ್ಣ ಕಾರು ಕಾಮೆಟ್ ಹುಬ್ಬಳ್ಳಿ-ಧಾರವಾಡ ಓಡಾಟಕ್ಕೆ ಬಂಗಾರದಂಥ ಗಾಡಿ, ಆದರೆ ದಾರಿಯಲ್ಲಿ ಬೇಗ ತುಂಬಿಸುವ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ, ಅದರಲ್ಲಿ ಬೆಂಗಳೂರಿನ ಮಾತೇ ಬೇಡ. ಬೇರೆ ಗಾಡಿಯವರು ಬೆಂಗಳೂರಿನ ದಾರಿಯಲ್ಲಿ ಹಾವೇರಿ, ದಾವಣಗೆರೆಯಲ್ಲಿ ಚಾರ್ಜಿಂಗಿಗೆ ನಿಂತಾಗ 80 ಪರ್ಸೆಂಟ್ ಆದ ಕೂಡಲೇ ಎದ್ದುಬಿಡಿ. ಆಮೇಲಿನ 20 ತುಂಬಲು ಸುಮ್ನೆ ಹೊತ್ತು ಹೋಗುತ್ತದೆ, ಹಿಂದೆ ನಿಂತವರೂ ಶಾಪ ಹಾಕುತ್ತಾರೆ.

ಅಂಕೋಲಾ ಕಡೆ ಹೋಗುವವರು ಯಲ್ಲಾಪುರದಲ್ಲಿ ರಾತ್ರಿ ಉಳಿದರೆ 100 ತುಂಬಿಸಬೇಡಿ. ಬ್ಯಾಟರಿ ತುಂಬಿದ್ದರೆ ರೀಜೆನ್ (ಇಳಿಜಾರಿನಲ್ಲಿ ಮೋಟಾರೇ ಗಾಡಿ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬಿಸುವುದು) ಕೆಲಸ ಮಾಡಲ್ಲ, ಅರಬೈಲ್ ಘಾಟ್ ಪೂರ್ತಿ ಬ್ರೇಕ್ ಮೇಲೇ ಇಳಿಯಬೇಕು.

ಹಾಂ, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯವರು ಮನೆಯಲ್ಲಿ ಆಗಾಗ ನಿಧಾನ ಚಾರ್ಜರ್‌ನಲ್ಲಿ 100 ಮಾಡಿ, ಇಲ್ಲದಿದ್ದರೆ ಪರ್ಸೆಂಟ್ ತಪ್ಪು ತೋರಿಸುತ್ತದೆ. ಮತ್ತೆ ಡಿಕ್ಕಿಯಲ್ಲಿ ಜಂಪರ್ ಕೇಬಲ್ (ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಪಡೆಯುವ ವೈರ್) ಇರಲಿ. ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಸಣ್ಣದು ಸತ್ತರೆ ಗಾಡಿ ಆನ್ ಆಗಲ್ಲ, ರಿಮೋಟ್‌ಗೆ ಬಾಗಿಲೂ ತೆಗೆಯಲ್ಲ. ಕೀ ಒಳಗೆ ಮಡಚಿಟ್ಟಿರುವ ಲೋಹದ ಕೀಲಿ ಹೇಗೆ ಹೊರಬರುತ್ತದೆ ಅಂತ ಮನೆಯಲ್ಲೇ ಒಮ್ಮೆ ನೋಡಿಟ್ಟುಕೊಳ್ಳಿ.