ಅಜ್ಜಿಗಿಲ್ಲದ ಹುಳುಕು ಮಗನಿಗೇಕೆ?

ಜೋನಿಬೆಲ್ಲ ತಿಂದೇ ಬೆಳೆದ ನಿಮ್ಮ ತೀರ್ಥಹಳ್ಳಿಯ ಅಜ್ಜಿಗಿಲ್ಲದ ಹಲ್ಲಿನ ಹುಳುಕು ಆರು ವರ್ಷದ ಮಗನಿಗೇಕೆ ಎಂದು ಕೇಳಿದ್ದೀರಿ. ಸಿಹಿಯನ್ನು ದಿನಕ್ಕೆ ಎಷ್ಟು ಸಲ ತಿನ್ನುತ್ತೇವೆ ಎಂಬುದೇ ಇಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿದಾಗ ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ; ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಷ್ಟಾದರೂ ಬಿಡುವು ಬೇಕು. ಬೆಳಿಗ್ಗೆ ದೋಸೆಯೊಡನೆ ಮಾತ್ರ ಬೆಲ್ಲ ತಿಂದವರಿಗೆ ಆ ಬಿಡುವು ಸಿಗುತ್ತಿತ್ತು. ಶಾಲೆಯ ದಾರಿಯಲ್ಲೊಂದು ಚಾಕೊಲೇಟ್, ಸಂಜೆ ಬಿಸ್ಕತ್ತು, ಮಲಗುವಾಗ ಸಕ್ಕರೆ ಹಾಕಿದ ಹಾಲು ಎಂದಾದರೆ ಸಿಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆ ದುರ್ಲಭವಾದಾಗ ನಾರ್ವೆ, ಜಪಾನ್‌ಗಳ ಮಕ್ಕಳಲ್ಲಿ ಹುಳುಕು ಇಳಿದಿತ್ತು. 1970ರ ದಶಕದಿಂದೀಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಅದು ಕಡಿಮೆಯಾಗಲು ಎನಾಮಲ್ ಗಟ್ಟಿಗೊಳಿಸುವ ಫ್ಲೋರೈಡ್ ಇರುವ ಪೇಸ್ಟ್ ದೊಡ್ಡ ಕಾರಣ. ಈ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಶಾಶ್ವತವಾದದ್ದು. ದಯವಿಟ್ಟು, ರಾತ್ರಿ ಹಾಲಾದ ಮೇಲೆ ಬಟಾಣಿಯಷ್ಟು ಪೇಸ್ಟ್ ಹಾಕಿ ನೀವೇ ನಿಂತು ಉಜ್ಜಿಸಿ.