ಹೋಲ್ಸ್ಟ್ ಅವರ ಗ್ರಹಗಳಲ್ಲಿ ಭೂಮಿ ಏಕಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ ಅವರ ‘ದಿ ಪ್ಲಾನೆಟ್ಸ್’ ಎಂಬ ವಾದ್ಯವೃಂದ ಕೃತಿ ಜ್ಯೋತಿಷದಿಂದ ಹುಟ್ಟಿತೆಂದು ಕೇಳಿದ್ದೇನೆ. ಅವರಿಗೆ ಸಂಸ್ಕೃತ ಬರುತ್ತಿತ್ತಂತೆ. ಹಾಗಾದರೆ ನವಗ್ರಹಗಳೇ ಅದಕ್ಕೆ ಮೂಲವೇ? ಭೂಮಿಯನ್ನು ಬಿಟ್ಟದ್ದೇಕೆ?

ಉತ್ತರ: ಮೂಲ ಜ್ಯೋತಿಷವೇ ಹೌದು, ಆದರೆ ನವಗ್ರಹಗಳಲ್ಲ. ಹೋಲ್ಸ್ಟ್ ಸಂಸ್ಕೃತ ಕಲಿತು, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ಸಂಗೀತಕ್ಕೆ ಅಳವಡಿಸಿದ್ದರು. ಸಾವಿತ್ರಿಯ ಕಥೆಯನ್ನು ಪುಟ್ಟ ಆಪೆರಾ ಆಗಿಸಿದ್ದರು. ಕಾಳಿದಾಸನ ಮೇಘದೂತವನ್ನು ಆಧರಿಸಿದ ಅವರ ಗಾಯನಕೃತಿಯು 1913ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಕೇಳುಗರನ್ನು ಗೆಲ್ಲಲಾರದೆ ಹೋದಾಗ ಅವರು ತೀರಾ ಕುಗ್ಗಿದರು. ಆಗ ಅವರನ್ನು ಗೆಳೆಯ ಬಾಲ್ಫರ್ ಗಾರ್ಡಿನರ್ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಕರೆದೊಯ್ದರು. ಆ ಪ್ರವಾಸದಲ್ಲಿ ಜೊತೆಗಿದ್ದ ಲೇಖಕ ಕ್ಲಿಫರ್ಡ್ ಬ್ಯಾಕ್ಸ್ ಜ್ಯೋತಿಷದ ಮಾತು ತೆಗೆದರು. ಹೋಲ್ಸ್ಟ್ ಅವರಿಗೆ ಅದರ ಗೀಳು ಹಿಡಿಯಿತು. ಆಲನ್ ಲಿಯೋ ಎಂಬ ಇಂಗ್ಲಿಷ್ ಜ್ಯೋತಿಷಿಯ ಪುಸ್ತಕಗಳನ್ನು ಓದಿದರು, ಗೆಳೆಯರ ಜಾತಕ ಬರೆಯತೊಡಗಿದರು.

ಹೀಗಾಗಿ ಈ ಕೃತಿಯಲ್ಲಿ ರಾಹುಕೇತುಗಳಿಲ್ಲ, ಯುರೇನಸ್ ಮತ್ತು ನೆಪ್ಚೂನ್ ಇವೆ. ಜಾತಕವೆಂದರೆ ಭೂಮಿಯ ಮೇಲೆ ನಿಂತು ನೋಡಿದ ಆಕಾಶ. ಆದ್ದರಿಂದ ನೋಡುವ ನೆಲವೇ ಅದರಲ್ಲೊಂದು ಗ್ರಹವಾಗಿ ಬರುವುದಿಲ್ಲ. ಸೂರ್ಯಚಂದ್ರರನ್ನೂ ಹೋಲ್ಸ್ಟ್ ಬಿಟ್ಟರು. ಉಳಿದ ಏಳರಲ್ಲಿ ಅವರು ಹಿಡಿಯಹೊರಟದ್ದು ಆಕಾಶಕಾಯಗಳನ್ನಲ್ಲ, ಒಂದೊಂದು ಗ್ರಹ ಮನುಷ್ಯನಲ್ಲಿ ಎಬ್ಬಿಸುತ್ತದೆನ್ನಲಾದ ಸ್ವಭಾವವನ್ನು: ಮಂಗಳ ಯುದ್ಧವನ್ನು ತರುತ್ತಾನೆ, ಶುಕ್ರ ಶಾಂತಿಯನ್ನು, ಶನಿ ಮುಪ್ಪನ್ನು. ಶನಿಯ ಭಾಗವೇ ಅವರಿಗೆ ಎಲ್ಲಕ್ಕಿಂತ ಪ್ರಿಯವಾಗಿತ್ತು.

ಜ್ಯೋತಿಷದ ಪ್ರೇರಣೆಯಷ್ಟರಿಂದಲೇ ಕೃತಿ ಮೈದಳೆಯಿತೆಂದು ಹೇಳಿದರೆ ಅರ್ಧ ಸತ್ಯವಾದೀತು. ಆಸ್ಟ್ರಿಯಾದ ಸಂಗೀತ ರಚನಕಾರ ಷೋನ್‌ಬರ್ಗ್ ಅವರ ‘ಐದು ವಾದ್ಯವೃಂದ ರಚನೆಗಳು’ 1912ರಲ್ಲಿಯೂ 1914ರಲ್ಲಿಯೂ ಲಂಡನ್ನಿನಲ್ಲಿ ನುಡಿದಿದ್ದವು. ಹೋಲ್ಸ್ಟ್ ತಮ್ಮ ಕೃತಿಗೆ ಮೊದಲು ಇಟ್ಟ ಹೆಸರೂ ‘ದೊಡ್ಡ ವಾದ್ಯವೃಂದಕ್ಕೆ ಏಳು ರಚನೆಗಳು’ ಎಂದೇ. 1914ರಲ್ಲಿ ಮಂಗಳನಿಂದ ಬರವಣಿಗೆ ಆರಂಭವಾಯಿತು. ಪ್ರತಿ ಆವರ್ತಕ್ಕೆ ಐದು ಎಣಿಕೆಯ ಆ ನಡೆಯನ್ನು ಖಂಡಗತಿ ಬಲ್ಲವರು ಕೂಡಲೇ ಗುರುತಿಸಿಯಾರು. ಪಿಟೀಲುಗಾರರು ಕಮಾನಿನ ಕೂದಲಿನಿಂದ ನುಡಿಸದೆ ಅದರ ಕಟ್ಟಿಗೆಯಿಂದ ತಂತಿಗೆ ಬಡಿಯುವುದರಿಂದ ಹುಟ್ಟುವ ಒಣ ಸದ್ದು ಎದೆ ನಡುಗಿಸುತ್ತದೆ. ಶಾಲೆಯಲ್ಲಿ ಸಂಗೀತ ಕಲಿಸುತ್ತ, ಬಿಡುವಿನಲ್ಲಿ ಬರೆಯುತ್ತ, ಬಲಗೈ ನರಗಳ ಬೇನೆಯಿಂದಾಗಿ ಸಹೋದ್ಯೋಗಿಗಳ ಕೈಯಲ್ಲಿ ಸ್ವರಲಿಪಿ ಬರೆಸುತ್ತ ಅವರು 1917ರ ಹೊತ್ತಿಗೆ ಕೆಲಸ ಮುಗಿಸಿದರು.

1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಗಾರ್ಡಿನರ್ ಅವರ ಖರ್ಚಿನಲ್ಲಿ, ಆಹ್ವಾನಿತರ ಮುಂದೆ ವಾದ್ಯವೃಂದ ನಿರ್ದೇಶಕ ಏಡ್ರಿಯನ್ ಬೋಲ್ಟ್ ಇದನ್ನು ಮೊದಲು ನಡೆಸಿಕೊಟ್ಟರು. ಕೊನೆಯ ನೆಪ್ಚೂನ್ ಭಾಗದಲ್ಲಿ ಹೆಂಗಸರ ಗಾಯಕವೃಂದ ಪಕ್ಕದ ಕೋಣೆಯಲ್ಲಿ, ಮರೆಯಲ್ಲಿದ್ದು ಹಾಡಬೇಕು. ಕೊನೆಯ ಆವರ್ತವನ್ನು ಅವರು ಮತ್ತೆ ಮತ್ತೆ ಹಾಡುತ್ತಿರುವಾಗ ನಡುವಿನ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ, ದನಿ ಕೇಳಿಸದಾಗುವವರೆಗೆ ಮುಚ್ಚಬೇಕೆಂದು ಹೋಲ್ಸ್ಟ್ ಸ್ವರಲಿಪಿಯಲ್ಲಿಯೇ ಬರೆದಿಟ್ಟಿದ್ದಾರೆ.