ಕುರುಡವ್ವನ ಹಿಂದಿನ ಕಲಾವಿದೆ

ಪ್ರಶ್ನೆ: ‘ನಾಗಮಂಡಲ’ ಚಿತ್ರದ ಕುರುಡವ್ವನಾಗಿ ಬಿ. ಜಯಶ್ರೀ ಅವರನ್ನು ನೋಡಿ ಮೆಚ್ಚಿದ್ದೇನೆ. ಅವರ ಬಗ್ಗೆ ಕೇಳಿದರೆ ಎಲ್ಲರೂ ಗುಬ್ಬಿ ವೀರಣ್ಣನವರ ಮೊಮ್ಮಗಳು ಎಂದಷ್ಟೇ ಹೇಳುತ್ತಾರೆ. ಅವರದೇ ಆದ ಸಾಧನೆಯನ್ನು ತಿಳಿಸುವಿರಾ?

ಉತ್ತರ: ಮೊಮ್ಮಗಳೆಂಬ ಪರಿಚಯ ನಿಜವೇ, ಆದರೆ ಮಾತನ್ನು ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. 1950ರಲ್ಲಿ ಜನಿಸಿದ ಜಯಶ್ರೀ ಅವರು ವೀರಣ್ಣನವರ ಪುತ್ರಿ ಜಿ.ವಿ. ಮಾಲತಮ್ಮನವರ ಮಗಳು. ಬಾಲ್ಯದಲ್ಲೇ ತಾತನ ವೃತ್ತಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು, ನಟಿಸುವವರಿಗೆ ಹಾಡಲೂ ಬರಬೇಕು ಎಂಬುದು ಕಂಪನಿ ನಾಟಕಗಳ ಪಾಠ. ಅದನ್ನು ಮೈಗೂಡಿಸಿಕೊಂಡ ಮೇಲೆ ಅವರು ದೆಹಲಿಗೆ ಹೋಗಿ, ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶಕತ್ವದಲ್ಲಿದ್ದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1973ರಲ್ಲಿ ಪದವಿ ಪಡೆದರು.

ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆಧುನಿಕ ರಂಗಭೂಮಿಯ ಹಲವರು ಕಂಪನಿ ನಾಟಕವನ್ನು ಅಬ್ಬರವೆಂದು ದೂರವಿಟ್ಟಿದ್ದ ಕಾಲದಲ್ಲಿ, ಹೊಸ ಶಿಕ್ಷಣ ಪಡೆದು ಬಂದ ಅವರು ಹಳೆಯದನ್ನು ಕಳಚಿ ಎಸೆಯಲಿಲ್ಲ. 1976ರಲ್ಲಿ ಕಟ್ಟಿದ ‘ಸ್ಪಂದನ’ ತಂಡದ ಮೂಲಕ ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯಂಥ ನಾಟಕಗಳನ್ನು ರಂಗಕ್ಕೆ ತಂದು, ಜಾನಪದದ ಹಾಡು ಕುಣಿತಗಳನ್ನು ಹೊಸ ರಂಗಭಾಷೆಯೊಂದಿಗೆ ಬೆಸೆದರು. ಅವರು ರಂಗಗೀತೆ ಹಾಡುವುದನ್ನು ಎದುರಿಗೆ ಕುಳಿತು ಕೇಳಿದವರಿಗೆ ಒಂದು ಸಂಗತಿ ಗೊತ್ತಾಗುತ್ತದೆ: ಅಲ್ಲಿ ಸ್ವರ ಬೇರೆ, ಅಭಿನಯ ಬೇರೆ ಅಲ್ಲ, ಕಂಠ ಏರುವಾಗಲೇ ಪಾತ್ರವೂ ಎದ್ದು ನಿಲ್ಲುತ್ತದೆ.

ಇನ್ನು ಸಿನಿಮಾ. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು 1997ರಲ್ಲಿ ತೆರೆಗೆ ತಂದ ‘ನಾಗಮಂಡಲ’ದಲ್ಲಿ, ಗಂಡನ ಒಲವಿಗಾಗಿ ನಾಯಕಿ ರಾಣಿಗೆ ವಶೀಕರಣದ ಬೇರು ಕೊಡುವವಳೇ ಕುರುಡವ್ವ. ಕಥೆಯ ತಿರುವೆಲ್ಲ ಆ ಬೇರಿನಿಂದಲೇ ಹುಟ್ಟುವುದರಿಂದ, ಆ ಮುದುಕಿಯನ್ನು ಪ್ರೇಕ್ಷಕರು ನಂಬದೇ ಹೋಗಿದ್ದರೆ ಚಿತ್ರವೇ ನಿಲ್ಲುತ್ತಿರಲಿಲ್ಲ. ಕಣ್ಣಿನ ನೆರವು ಇಲ್ಲದ ಆ ಪಾತ್ರವನ್ನು ಜಯಶ್ರೀ ಅವರು ದನಿಯ ಏರಿಳಿತದಿಂದಲೇ ನಂಬಿಸಿದರು.

1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ ಅವರಿಗೆ ಸಂದಿವೆ. ಮಾಧವಿಯವರೂ ಸೇರಿದಂತೆ ಕೆಲವು ನಾಯಕಿಯರಿಗೆ ಅವರು ಕಂಠದಾನ ಮಾಡಿದ್ದಾರೆ. ಆದ್ದರಿಂದ ಕುರುಡವ್ವನನ್ನು ಕಾಣುವ ಮೊದಲೇ, ಬೇರೊಬ್ಬ ನಟಿಯ ಮಾತೆಂದುಕೊಂಡು ನೀವು ಜಯಶ್ರೀ ಅವರ ದನಿಯನ್ನು ಕೇಳಿರಲೂಬಹುದು.